ರುದ್ರಪ್ಪ ಕಾಕಾ ನೂಕಿದ ಮುಳ್ಳು

ನಮ್ಮ ಟೈಮ್‌ಕೀಪರ್ ರುದ್ರಪ್ಪ ಕಾಕಾ ಒಂದೇ ಕೈಗೆ ಮೂರು ವಾಚು ಕಟ್ಟುತ್ತಿದ್ದರು. ಯಾರಾದರೂ ಟೈಮು ಕೇಳಿದರೆ ಮೂರನ್ನೂ ನೋಡಿ, "ಇಬ್ರು ಒಂಬತ್ತೂಕಾಲು ಅನ್ನಾಕತ್ತಾರ, ಒಬ್ಬವ ಒಪ್ಪವಲ್ಲ. ಇಬ್ರ ಮಾತ ನಡೀಲಿ," ಎನ್ನುತ್ತಿದ್ದರು. ಒಪ್ಪದ ವಾಚಿಗೆ ಅವತ್ತು ಕೀಲಿ ಕೊಡುತ್ತಿರಲಿಲ್ಲ. ಅದು ಶಿಕ್ಷೆ.

ತೊಂಬತ್ತನೇ ಇಸವಿಯ ಆಸುಪಾಸು. ಮಡಗಾಂವ್ ಹತ್ತಿರದ ಕುಂಕಳ್ಳಿಯ ರಟ್ಟಿನ ಡಬ್ಬಿ ಕಾರ್ಖಾನೆ. ನಮ್ಮ ಹಾಜರಿ ಕಾರ್ಡಿನ ಮೇಲೆ ಟೈಮು ಒತ್ತಲು ಗೇಟಿನಲ್ಲಿ ಕರೆಂಟಿನ ಗಡಿಯಾರವಿತ್ತು. ಕರೆಂಟು ಹೋದರೆ ಅದೂ ನಿಲ್ಲುತ್ತಿತ್ತು. ಬಂದಾಗ ಏನೂ ಆಗೇ ಇಲ್ಲ ಎಂಬಂತೆ ನಿಂತಲ್ಲಿಂದ ಹೊರಡುತ್ತಿತ್ತು. ಅದನ್ನು ಸರಿಮಾಡುವುದು ಕಾಕಾರ ಕೆಲಸ.

ಒಂದು ದಿನ ಅದು ಅರ್ಧ ತಾಸು ಹಿಂದೆ ಬಿದ್ದಿತ್ತು. ಕಾಕಾರಿಗೆ ಅದು ತಿಳಿದದ್ದು ಗಡಿಯಾರ ಹನ್ನೆರಡೂವರೆ ತೋರಿಸಿ, ನಾವು ಬುತ್ತಿ ಬಿಚ್ಚಿದ ಮೇಲೆ. ಮುಳ್ಳನ್ನು ಒಮ್ಮೆಗೇ ಒಂದು ಗಂಟೆಗೆ ನೂಕಿದರು. ಊಟದ ಬಿಡುವು ಇದ್ದದ್ದೇ ಅರ್ಧ ತಾಸು. ಶುರುವಾದ ಕ್ಷಣಕ್ಕೇ ಮುಗಿಯಿತು. ಸೂಪರ್‌ವೈಸರ್ ಗಡಿಯಾರ ತೋರಿಸಿ ನಲವತ್ತು ಮಂದಿಯನ್ನೂ ಎಬ್ಬಿಸಿದ.

"ಕಾಕಾ, ರೊಟ್ಟಿ ಇನ್ನೂ ಕೈಯಾಗ ಐತ್ರಿ," ಎಂದೆ.

"ಗಡಿಯಾರದ ಪ್ರಕಾರ ನೀ ಉಂಡಾಗೇತಿ ಯವ್ವಾ. ತಪ್ಪು ನಂದ," ಎಂದವರು ಸಂಜೆತನಕ ತಾವೂ ಉಣ್ಣಲಿಲ್ಲ.

ಅಂದಿನಿಂದ ಒಮ್ಮೆಗೇ ನೂಕುವುದು ಬಿಟ್ಟರು. ಸ್ಟೂಲು ಹತ್ತಿ ಒಂದು ನಿಮಿಷ ನೂಕುವುದು, ಹತ್ತು ನಿಮಿಷ ಕಾಯುವುದು, ಮತ್ತೆ ಒಂದು ನಿಮಿಷ. ಗಡಿಯಾರಕ್ಕೂ ಗೊತ್ತಾಗಬಾರದಂತೆ.

ಆ ವರ್ಷ ನನಗೆ ಎರಡು ಸಲ ತಡವಾಗಿತ್ತು. ಮೂರನೇ ಸಲವಾದರೆ ಕೆಲಸ ಹೋಗುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಮನೆಯಿದ್ದ ಮೋತಿ ಡೊಂಗರ್ ಗುಡ್ಡ ಇಳಿದು ಹತ್ತಿದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಎಂಟಕ್ಕೆ ಒಳಗಿರಬೇಕಾದವಳು ಓಡಿ ಗೇಟು ಮುಟ್ಟಿದಾಗ ಎಂಟು ಹತ್ತು. ಆದರೆ ನಸುಕಿನಲ್ಲಿ ಕರೆಂಟು ಹೋಗಿದ್ದರಿಂದ ಗಡಿಯಾರದಲ್ಲಿ ಇನ್ನೂ ಏಳು ಐವತ್ತೆಂಟು. ಕಾಕಾ ಸ್ಟೂಲಿನ ಮೇಲೆ ನಿಂತು ಮುಳ್ಳಿಗೆ ಬೆರಳಿಟ್ಟಿದ್ದರು. ಕೆಳಗೆ ಮ್ಯಾನೇಜರು, ಒಂದೇ ಸಲ ಸರಿಮಾಡು ಎಂದು ಹಿಂದಿಯಲ್ಲಿ ಬೈಯುತ್ತಿದ್ದರು.

"ಆಗಂಗಿಲ್ರಿ ಸಾಹೇಬ್ರ," ಎಂದರು ಕಾಕಾ. "ಒಮ್ಮಿಗೇ ನೂಕಿದ್ರ ನಡುವಿನ ಹನ್ನೆರಡು ನಿಮಿಷ ಯಾರ ಹೊಟ್ಟ್ಯಾಗ ಹೋಗಬೇಕ್ರಿ? ಹಿಂದಕ ನಲವತ್ತು ಮಂದಿ ಊಟ ಹೋಗೇತಿ."

ಅಷ್ಟರಲ್ಲಿ ನಾನು ಕಾರ್ಡು ಒತ್ತಿದೆ. ಏಳು ಐವತ್ತೊಂಬತ್ತು.

ಮುಂದೆ ಸೆಲ್ಲಿನ ಗಡಿಯಾರ ಬಂತು. ಕಾಕಾ ಗಂಟುಮೂಟೆ ಕಟ್ಟಿ ವಿಜಾಪುರಕ್ಕೆ ಹೊರಟ ದಿನ ಮಡಗಾಂವ್ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. "ಅವತ್ತ ನನ್ನ ಸಲುವಾಗಿ ಮುಳ್ಳು ತಡದ್ರಿ, ಹೌದಿಲ್ರಿ?" ಎಂದು ಕೇಳಿಯೇಬಿಟ್ಟೆ.

"ಹುಚ್ಚಿ. ಹಂಗ ಮಾಡಿದ್ರ ಕಳ್ಳತನ ಆಕ್ಕಿತ್ತು. ನಿನ್ನ ನಾ ನೋಡೇ ಇಲ್ಲ," ಎಂದು ಬಸ್ಸು ಹತ್ತಿದರು.

ಬಸ್ಸು ಹೊರಟಿತು. ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಆದ್ರ ಸ್ವಲ್ಪ ಜೋರ ಓಡಬೇಕಿತ್ತಬೇ ನೀ. ನನ್ನ ಕೈ ಜೋಮು ಹಿಡದಿತ್ತು."