ತಬಲ ಮುಂದೆ ಓಡಿತೇ?

ಮೊನ್ನೆ ಎಮ್ಮೆದೊಡ್ಡಿ ಕಡೆಯ ರೈತರೊಬ್ಬರು ಪಂಪ್‌ಸೆಟ್ಟಿನ ಮೋಟಾರು ತಂದು ನನ್ನ ಅಂಗಡಿಯಲ್ಲಿ ಇಳಿಸಿದರು. ಕರೆಂಟು ಕೊಟ್ಟು, ಕಣ್ಣು ಮುಚ್ಚಿ ಕೇಳಿದವನು ‘ಶ್ರುತಿ ಸ್ವಲ್ಪ ಇಳಿದಿದೆ’ ಅಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಡೂರಿನಲ್ಲಿ ಬೇರೆ ರಿಪೇರಿ ಅಂಗಡಿ ಎಲ್ಲಿದೆಯೆಂದು ಪಕ್ಕದ ಟೀ ಹೋಟೆಲಿನಲ್ಲಿ ವಿಚಾರಿಸಿದರಂತೆ.

ಅವರ ತಪ್ಪಿಲ್ಲ ಬಿಡಿ. ನನಗೆ ಇಂಟರ್ನೆಟ್ಟಿನಲ್ಲಿ ಸಂಗೀತದ ಬಗ್ಗೆ ಬರೆಯುವ ಚಟ. ರಾಗ ಗುರುತಿಸಲು ಬರುವುದಿಲ್ಲ, ಹಾಡಲಂತೂ ಮನೆಯವರು ಬಿಡುವುದಿಲ್ಲ. ಆದರೆ ಬೇರಿಂಗ್ ಹೋದ ಮೋಟಾರಿನ ಸದ್ದು ಬೀದಿಯ ಆ ತುದಿಯಿಂದಲೇ ತಿಳಿಯುತ್ತದೆ. ಆ ಕಿವಿಯನ್ನೇ ನಂಬಿಕೊಂಡು, ಮದುವೆ ಮನೆಯ ವಾಲಗ, ಬೀರೂರಿನ ಭಜನೆ, ಯಾವುದನ್ನೂ ಬಿಡದೆ ಬ್ಲಾಗಿನಲ್ಲಿ ಬರೆಯುತ್ತಿದ್ದೆ. ಓದುವವರು ಯಾರೂ ಇರಲಿಲ್ಲವಾದ್ದರಿಂದ ಧೈರ್ಯಕ್ಕೆ ಕೊರತೆಯಿರಲಿಲ್ಲ.

ಹೀಗೆ ಒಂದು ದಿನ, ನಾನು ಚಿಕ್ಕವನಿದ್ದಾಗ ನೋಡಿದ ನಾಟಕವೊಂದರ ಬಗ್ಗೆ ಬರೆದೆ. ಅಮ್ಮನ ಅಣ್ಣ, ತರೀಕೆರೆಯ ದೊಡ್ಡಮಾವ, ಹಾರ್ಮೋನಿಯಂ ನುಡಿಸುತ್ತಿದ್ದರು. ಅಮ್ಮನ ತಮ್ಮ, ಅಜ್ಜಂಪುರದ ಚಿಕ್ಕಮಾವ, ತಬಲ. ಅವತ್ತು ರಾಜನ ಪಾತ್ರದವರ ಹಾಡು ನಡುವೆಯೇ ಮುಗ್ಗರಿಸಿತು. ಗದೆ ಎತ್ತಿದ ರಾಜ ಅದನ್ನು ಇಳಿಸಬೇಕೋ ಬೇಡವೋ ತಿಳಿಯದೆ ನಿಂತ. ಜನ ನಕ್ಕರು. ದೊಡ್ಡಮಾವ ತಬಲವನ್ನು ದೂರಿದರು, ಚಿಕ್ಕಮಾವ ಹಾರ್ಮೋನಿಯಂ ಪೆಟ್ಟಿಗೆಯನ್ನು. ಅಲ್ಲಿಗೆ ಮಾತು ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಹಬ್ಬಕ್ಕೆ ಕರೆದರೆ ಒಬ್ಬರು ಬೆಳಿಗ್ಗೆ ಬಂದು ಹೋಗುವರು, ಇನ್ನೊಬ್ಬರು ಸಂಜೆಗೆ. ಅಮ್ಮ ಒಂದೇ ಹಬ್ಬಕ್ಕೆ ಎರಡು ಸಲ ಒಲೆ ಹಚ್ಚಿ ಒಬ್ಬಟ್ಟು ತಟ್ಟುವಳು.

ಇದನ್ನೆಲ್ಲ ಬರೆದು ಸುಮ್ಮನಿರಬಾರದೇ? ‘ತಬಲ ಒಂಚೂರು ಮುಂದೆ ಓಡಿತೆಂದು ನನ್ನ ಅನಿಸಿಕೆ’ ಎಂದು ಕೊನೆಯಲ್ಲಿ ಸೇರಿಸಿದೆ. ವಿಮರ್ಶೆ ಎಂದ ಮೇಲೆ ಒಂದು ಅನಿಸಿಕೆ ಇರಬೇಕಲ್ಲ.

ನೆಂಟರಲ್ಲಿ ಯಾರೋ ಅದನ್ನು ವಾಟ್ಸಾಪಿಗೆ ಹಾಕಿದರು. ಮಾರನೆಯ ದಿನ ಅಜ್ಜಂಪುರದಿಂದ ಒಂದು ಕಾಮೆಂಟು ಬಂತು. ಚಿಕ್ಕಮಾವ ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದರು. ಫೋನು ತಬಲವನ್ನು ತಪ್ಪಲೆ ಎಂದು ಕೇಳಿಸಿಕೊಂಡಿತ್ತು: ‘ತಪ್ಪಲೆ ಓಡಿಲ್ಲ. ಪೆಟ್ಟಿಗೆ ಹಿಂದೆ ಬಿತ್ತು.’

ಸಂಜೆಯೊಳಗೆ ತರೀಕೆರೆಯಿಂದ ಉತ್ತರ: ‘ತಪ್ಪಲೆ ಬಡೀತಿದ್ದೆ ಅಂತ ಈಗಲಾದ್ರೂ ಒಪ್ಕೊಂಡನಲ್ಲ.’

ಅಲ್ಲಿಂದ ಮುಂದೆ ನನ್ನ ಬ್ಲಾಗು ನನ್ನದಾಗಿ ಉಳಿಯಲಿಲ್ಲ. ತಾಳದಿಂದ ಶುರುವಾದ ವಾದ ತೆಂಗಿನ ತೋಟದ ಬದುವಿಗೆ ಹೋಯಿತು, ಅಲ್ಲಿಂದ ಯಾರ ಮದುವೆಯಲ್ಲಿ ಯಾರಿಗೆ ಪಾಯಸ ಬಡಿಸಲಿಲ್ಲ ಎಂಬಲ್ಲಿಗೆ ಬಂತು. ಇಳಿವಯಸ್ಸಿನವರು, ಇಬ್ಬರಿಗೂ ಬಿಪಿ. ಒಬ್ಬರಿಗೆ ಏನಾದರೂ ಆದರೆ ಅಮ್ಮನಿಗೆ ಹೇಗೆ ಮುಖ ತೋರಿಸಲಿ? ಎಲ್ಲವನ್ನೂ ಅಳಿಸಿಬಿಡುತ್ತೇನೆಂದು ಅಮ್ಮನಿಗೆ ಹೇಳಿದೆ. ಅವಳು ಮೊರದಲ್ಲಿದ್ದ ಅವರೆಕಾಳಿನಿಂದ ಕಣ್ಣೆತ್ತಲಿಲ್ಲ.

“ಅಳಿಸ್ಬೇಡ ಕಣೋ. ಇಷ್ಟು ವರ್ಷದಲ್ಲಿ ಅವರಿಬ್ರೂ ಮಾತಾಡ್ತಿರೋದು ಅಲ್ಲೊಂದ್ ಕಡೆನೇ.”

ಕೊನೆಗೆ ದೊಡ್ಡಮಾವ ಸವಾಲು ಹಾಕಿದರು: ಕಡೂರಿಗೆ ಬಾ, ಬಾರಿಸಿ ತೋರಿಸು. ಭಾನುವಾರ ಒಂದು ಬಸ್ಸಿನಲ್ಲಿ ಹಾರ್ಮೋನಿಯಂ ಬಂತು, ಇನ್ನೊಂದರಲ್ಲಿ ತಬಲ. ನಮ್ಮ ನಡುಮನೆಯಲ್ಲಿ ಒಬ್ಬರು ಕಿಟಕಿಗೆ ಮುಖ ಮಾಡಿ ಕುಳಿತರು, ಒಬ್ಬರು ಗೋಡೆಗೆ. ತೀರ್ಪುಗಾರ ನಾನು.

ಅದೇ ಹಾಡು. ದೊಡ್ಡಮಾವನ ಬೆರಳುಗಳಿಗೆ ಮೊದಲಿನ ಓಟ ಇರಲಿಲ್ಲ. ಒಂದೆರಡು ಕಡೆ ಸ್ವರ ಜಾರಿತು. ಚಿಕ್ಕಮಾವ ಕತ್ತು ಹೊರಳಿಸಿ ಅಣ್ಣನ ಕೈಯನ್ನು ನೋಡಿದರು, ನೋಡಿ ಪೆಟ್ಟು ನಿಧಾನ ಮಾಡಿದರು. ಗದೆ ಎತ್ತುವ ಜಾಗ ಬಂತು. ಇಬ್ಬರೂ ಕೆಸರಲ್ಲಿ ಕಾಲಿಡುವವರ ಹಾಗೆ ಒಟ್ಟೊಟ್ಟಿಗೆ ದಾಟಿಕೊಂಡರು.

ಹಾಡು ಮುಗಿಯಿತು. ಆಮೇಲೆ ದೊಡ್ಡಮಾವ ನನ್ನ ಕಡೆ ತಿರುಗಿದರು.

“ತಬಲ ಮುಂದೆ ಓಡ್ತು ಅಂತ ಬರ್ದೋನು ನೀನೇ ಅಲ್ವೇನೋ? ತಾಳ ಅಂದ್ರೆ ಗೊತ್ತೇನೋ ನಿಂಗೆ?”

“ಇವನಿಗೇನ್ ಗೊತ್ತಣ್ಣ,” ಚಿಕ್ಕಮಾವ ಅಂದರು. “ಮೋಟಾರಿಗೆ ವೈರು ಸುತ್ತೋ ಮುಂಡೇದು.”

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ‘ಅಣ್ಣ’ ಅವಳಿಗೆ ಕೇಳಿಸಿತ್ತು. ಅವತ್ತು ಒಂದೇ ಸಲ ಒಲೆ ಹಚ್ಚಿದಳು. ಊಟದ ಉದ್ದಕ್ಕೂ ಅಣ್ಣತಮ್ಮಂದಿರು ಒಂದೇ ದನಿಯಲ್ಲಿ ನನ್ನನ್ನು ಬೈದರು. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಅಂದಿನಿಂದ ನಾನು ಸರಿಯಾಗಿ ಬರೆಯಬೇಕೆಂದು ತಾಳದ ಪುಸ್ತಕ ತಂದಿಟ್ಟುಕೊಂಡು ಓದುತ್ತಿದ್ದೇನೆ. ನಿನ್ನೆ ಅಮ್ಮ ಅದನ್ನು ನೋಡಿದಳು. ಇಬ್ಬರೂ ಈ ಕಡೆ ಬಂದು ಬಹಳ ದಿನವಾಯಿತು ಎಂದಳು.

“ಕಲಿಯೋದು ಆಮೇಲೆ ಕಲಿ,” ಅಂದಳು. “ಈಗ ಇನ್ನೊಂದ್ ತಪ್ಪು ಬರಿ.”

ಪುಸ್ತಕ ಮುಚ್ಚಿ ಬರೆಯಲು ಕುಳಿತಿದ್ದೇನೆ. ಬೇಕೆಂದೇ ತಪ್ಪು ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.