ಪೋರ್ಟ್ ಸೈದಿನ ಹವಳ

ಘೋಡಗೇರಿಯ ಸಾತವ್ವ ಗಂಡ ಸತ್ತ ವರ್ಷವೇ ಮಗಳು ಇಂದ್ರವ್ವನನ್ನು ಅಣ್ಣ ಹನಮಂತನ ಮನೆಯಲ್ಲಿ ಬಿಟ್ಟು, ಗೋಕಾಕ ಫಾಲ್ಸಿನ ಸಾಹೇಬರೊಬ್ಬರ ಬಂಗಲೆಗೆ ಆಯಾ ಆಗಿ ಸೇರಿದಳು. ಸಾಹೇಬರ ಎರಡು ಮಕ್ಕಳು ಅವಳ ತೊಡೆಯ ಮೇಲೆಯೇ ಬೆಳೆದವು. ೧೯೧೨ರಲ್ಲಿ ಮೇಮ್‌ಸಾಹೇಬರು ಅವುಗಳನ್ನು ಸಾಲೆಗೆ ಹಾಕಲು ವಿಲಾಯತಿಗೆ ಹೊರಟರು. ಸಾತವ್ವನಿಲ್ಲದೆ ಕಿರಿಯದು ತುತ್ತು ಮುಟ್ಟುವುದಿಲ್ಲವೆಂದು ಅವಳನ್ನೂ ಹಡಗು ಹತ್ತಿಸಿದರು.

ಹೊರಡುವ ಮುಂಚೆ ಇಂದ್ರವ್ವನ ಸಂಬಂಧ ಮೂಡಲಗಿಯ ಕರೆವ್ವನ ಮಗ ದುರ್ಗಪ್ಪನ ಜೊತೆ ಕುದುರಿತ್ತು. ಕರೆವ್ವ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು.

"ಅಷ್ಟ ದೂರ ಹೊಂಟೀಯಂದ್ರ ಸೊಸಿ ಕೊಳ್ಳಾಗ ಹಾಕಾಕ ಒಂದೆಳಿ ಹವಳ ತಗೊಂಡ ಬಾ. ನಮ್ಮ ಮಂದ್ಯಾಗ ಯಾರ ಹಂತ್ಯಾಕೂ ಇಲ್ಲ," ಎಂದಿದ್ದಳು.

"ತರತೇನ್ರಿ," ಎಂದು ಸಾತವ್ವ ಮಾತು ಕೊಟ್ಟುಬಿಟ್ಟಳು.

ಎರಡು ವರ್ಷ ಕಳೆದು ಮಕ್ಕಳು ಸಾಲೆಗೆ ಹೊಂದಿಕೊಂಡ ಮೇಲೆ ಮೇಮ್‌ಸಾಹೇಬರು ಅವಳ ಕೈಗೆ ಎರಡು ಬಂಗಾರದ ಪೌಂಡು ಇಟ್ಟು, ಮುಂಬಯಿಗೆ ಹೊರಟಿದ್ದ ಇನ್ನೊಂದು ಕುಟುಂಬದ ಜೊತೆ ತಿರುಗಿ ಕಳಿಸಿದರು. ದಾರಿಯಲ್ಲಿ ಹಡಗು ಕಲ್ಲಿದ್ದಲು ತುಂಬಿಸಿಕೊಳ್ಳಲು ಪೋರ್ಟ್ ಸೈದಿನಲ್ಲಿ ನಿಂತಿತು. ಎಲ್ಲರೂ ಪೇಟೆ ನೋಡಲು ಇಳಿದರು, ಸಾತವ್ವನೂ ಇಳಿದಳು.

ದಂಡೆಯ ಮೇಲೆ ಕೆಂಪು ಗೊಂಡೆಟೊಪ್ಪಿಗೆಯ ಒಬ್ಬ ಗಂಡಸು ಅವಳ ಸೀರೆ ನೋಡಿ ಹಿಂದುಸ್ತಾನಿಯಲ್ಲಿ ಕರೆದ. ಯಾವ ಊರೆಂದು ಕೇಳಿದ. ಗೋಕಾಕ ಎಂದಳು.

"ಗೋಕಾಕ! ಅಚ್ಛಾ ಗಾಂವ್!" ಎಂದ, ನಿನ್ನೆಯಷ್ಟೇ ಅಲ್ಲಿಂದ ಬಂದವನಂತೆ.

ಎರಡು ವರ್ಷದಲ್ಲಿ ಪರರ ಬಾಯಲ್ಲಿ ತನ್ನ ಸೀಮೆಯ ಹೆಸರು ಕೇಳಿರಲಿಲ್ಲ. ಅವಳ ಕಾಲುಗಳು ತಾವಾಗಿಯೇ ಅವನ ಅಂಗಡಿಯತ್ತ ನಡೆದವು. ಒಳಗೆ ಅವನು ಗಾದಿಯ ಕುರ್ಚಿ ಒರೆಸಿ ಕೂರಿಸಿದ, ಗಾಜಿನ ಲೋಟದಲ್ಲಿ ಶರಬತ್ತು ಕೊಟ್ಟ. ಹುಕ್ಕೇರಿ ಪೇಟೆಯಲ್ಲಿ ಸಾತವ್ವ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಕೆಳಗೆ ನಿಂತು ಬೇಕಾದ್ದು ಹೇಳಬೇಕು, ಸಾಮಾನು ಮೇಲಿನಿಂದ ಉಡಿಗೆ ಬೀಳಬೇಕು. ಇಲ್ಲಿ ಅಂಗಡಿಕಾರ ತಾನೇ ಹವಳದ ಎಳೆಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ತಣ್ಣಗೆ, ತೂಕವಾಗಿ ಇತ್ತು. ಒಂದು ಪೌಂಡಿನ ಮಾತು ಎರಡಕ್ಕೆ ಏರಿದರೂ ಅವಳು ಚೌಕಾಶಿ ಮಾಡದೆ ಎರಡನ್ನೂ ಕೊಟ್ಟಳು.

ಅಷ್ಟರಲ್ಲಿ ಬಂದರದ ಕಡೆ ಸೀಟಿ ಕೂಗಿತು. "ಜಹಾಜ್! ಜಲ್ದಿ, ಬಾಯೀ!" ಎಂದು ಅವನು ಗಡಿಬಿಡಿ ಮಾಡಿ, ಎಳೆಯನ್ನು ಒಳಕೋಣೆಗೆ ಒಯ್ದು ಡಬ್ಬಿಯಲ್ಲಿ ಹಾಕಿ ದಾರ ಬಿಗಿದು ತಂದ. ಹಡಗು ಬಿಟ್ಟುಹೋದರೆ ಈ ಪರದೇಶದಲ್ಲಿ ತನ್ನ ಗತಿಯೇನೆಂದು ಸಾತವ್ವ ಎದೆ ಹಿಡಿದುಕೊಂಡು ಓಡಿದಳು. ಓಡಿ ಬಂದು ನೋಡಿದರೆ ಸೀಟಿ ಕೂಗಿದ್ದು ಬೇರೆ ಹಡಗು. ಇವರದು ಹೊರಡುವುದಕ್ಕೆ ಇನ್ನೂ ಮೂರು ತಾಸಿತ್ತು.

ಡಬ್ಬಿ ಬಿಚ್ಚಿ ನೋಡಿದಳು. ಕೆಂಪಗೇ ಇತ್ತು. ಕಳ್ಳಕಾಕರ ಅಂಜಿಕೆಗೆ ಎಳೆಯನ್ನು ಅರಿವೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಳು. ಕೆಂಪು ಸಮುದ್ರದ ಸೆಕೆಯಲ್ಲಿ ಎರಡನೆಯ ದಿನ ಸೀರೆಯ ಮೇಲೆ ಕಲೆ ಕಂಡು ರಕ್ತವೆಂದು ಗಾಬರಿಯಾದಳು. ಗಂಟು ಬಿಚ್ಚಿದಾಗ ನಾಲ್ಕು ಮಣಿ ಅಲ್ಲಲ್ಲಿ ಬಿಳುಚಿದ್ದವು.

ಹೊಸ ಹವಳ ಬಣ್ಣ ಬಿಡುತ್ತದೇನೋ, ಹೊಸ ಸೀರೆ ಬಿಡುವುದಿಲ್ಲವೇ? ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಏಡನ್ ದಾಟಿದಳು, ಮುಂಬಯಿಯಲ್ಲಿ ಇಳಿದಳು, ಗೋಕಾಕ ರೋಡ್ ಸ್ಟೇಶನ್ನಿನ ತನಕ ರೈಲಿನಲ್ಲಿ ಕುಳಿತಳು. ಜೊತೆಯವರನ್ನು ಕೇಳಲು ಧೈರ್ಯವಾಗಲಿಲ್ಲ. ಕೇಳಿದರೆ ಖರೆ ಗೊತ್ತಾಗಿಬಿಡುತ್ತದಲ್ಲ.

ಊರು ಮುಟ್ಟಿದ ವಾರವೇ ಹುಕ್ಕೇರಿ ಸಂತೆಗೆ ಹೋಗಿ, ಬಂಗಾರದಂಗಡಿಯ ಮೆಟ್ಟಿಲ ಕೆಳಗೆ ನಿಂತು ಎಳೆಯನ್ನು ಮೇಲಿಟ್ಟಳು. ಅಂಗಡಿಯವನು ಸೂಜಿ ಕಾಸಿ ಒಂದು ಮಣಿಗೆ ಚುಚ್ಚಿ ಮೂಸಿ ನೋಡಿದ.

"ಎಲುಬ ಐತಿ. ಬಣ್ಣ ಹಚ್ಚ್ಯಾರ. ಯಾರ ಕೊಟ್ರು ನಿನಗ?"

ಸಾತವ್ವ ಎಳೆಯನ್ನು ಎತ್ತಿಕೊಂಡು ನಡೆದಳು.

ಮನೆಯಲ್ಲಿ ಸುದ್ದಿ ಕೇಳಿ ಹನಮಂತ ತಲೆ ಮೇಲೆ ಕೈ ಹೊತ್ತು ಕುಳಿತ. ಆಮೇಲೆ ದನಿ ತಗ್ಗಿಸಿದ. "ಬಾಯಿ ಬಿಡಬ್ಯಾಡ, ತಂಗಿ. ಕರೆವ್ವ ಹವಳ ಎಲ್ಲಿ ನೋಡ್ಯಾಳ? ಲಗ್ನದ ಅಕ್ಕಿಕಾಳ ಬೀಳಲಿ, ಮುಂದ ನೋಡೂಣು."

"ಬಣ್ಣ ಬಿಡತೈತಿ, ಅಣ್ಣಾ. ಲಗ್ನದ ಬ್ಯಾಸಿಗ್ಯಾಗ ಹುಡಿಗಿ ಬೆವತ್ರ ಕೊಳ್ಳ ತುಂಬ ಇಳಿತೈತಿ."

"ಮತ್ತ ಹೇಳಿದ್ರ ಸಂಬಂಧ ಮುರಿತೈತಿ. ಯಾವದ ಬೇಕ?"

ನಿಶ್ಚಯದ ದಿನ ಬರುವ ತನಕ ಅವಳು ಎಳೆಯನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದಳು. ಓಣಿಯ ಹೆಂಗಸರು ವಿಲಾಯತಿಯ ಹವಳ ತೋರಿಸೆಂದು ಬಂದರೆ, ಪೆಟ್ಟಿಗೆಯ ಕೀಲಿ ಸಿಗುತ್ತಿಲ್ಲವೆಂದಳು. ಇಂದ್ರವ್ವ ಒಮ್ಮೆ "ಯವ್ವಾ, ನನಗಷ್ಟ ತೋರಸ," ಎಂದಾಗ ಸುಮ್ಮನೆ ಬೈದುಬಿಟ್ಟಳು. ಬೈದು ತಾನೇ ಅತ್ತಳು.

ಕರೆವ್ವ ಐದಾರು ಮಂದಿಯೊಡನೆ ಬಂದು ಕಂಬಳಿಯ ಮೇಲೆ ಕುಳಿತಳು. ಎಲೆಯಡಿಕೆ ಮುಗಿಯುವ ಮೊದಲೇ ಕೈ ಚಾಚಿದಳು. "ತಾ, ನೋಡೂಣು."

ಹನಮಂತ ಕಣ್ಣಲ್ಲೇ ಬೇಡವೆಂದ. ಸಾತವ್ವ ಎಳೆಯನ್ನು ಬೀಗತಿಯ ಮುಂದಿಟ್ಟಳು.

"ಇದು ಹವಳ ಅಲ್ರಿ. ಎಲುಬ. ನಾ ಮೋಸ ಹೋಗೇನಿ. ಅಂಗಡಿಯಾಂವ ಕುರ್ಚಿ ಕೊಟ್ಟ, ಮಾನ ಕೊಟ್ಟ ಮಾತಾಡಿಸಿದ, ನಂಬಿದ್ನಿ."

ಕರೆವ್ವ ಎಳೆಯನ್ನು ಎತ್ತಿ ನೋಡಿ ಕೆಳಗಿಟ್ಟಳು. "ನಾನೂ ಹತ್ತ ಮಂದಿಗಿ ಹವಳದ ಸೊಸಿ ಬರತಾಳಂತ ಹೇಳೇನಿ," ಎಂದು ಎದ್ದಳು. ಉಣ್ಣದೆ ಎಲ್ಲರೂ ಹೊರಟುಹೋದರು.

ಇಪ್ಪತ್ತು ದಿನ ಮೂಡಲಗಿಯಿಂದ ಸುದ್ದಿ ಬರಲಿಲ್ಲ. ಹನಮಂತ ತಂಗಿಯ ಜೊತೆ ಮಾತು ಬಿಟ್ಟ. ದಾರಿಯಲ್ಲಿ ಗಾಡಿಯ ಸಪ್ಪಳವಾದರೆ ಸಾಕು, ಸಾತವ್ವ ಒಲೆ ಬಿಟ್ಟು ಹೊರಗೆ ಬರುವಳು. ತನ್ನ ಒಂದು ಮಾತಿನಿಂದ ಮಗಳ ಬಾಳೇ ಹಾಳಾಯಿತೋ, ಅಣ್ಣ ಹೇಳಿದಂತೆ ಸುಮ್ಮನಿರಬೇಕಿತ್ತೋ ಎಂದು ಗೋಳಾಡಿದಳು.

ಇಪ್ಪತ್ತೊಂದನೆಯ ದಿನ ಕರೆವ್ವ ಒಬ್ಬಳೇ ಬಂದಳು. ಕಟ್ಟೆಯ ಮೇಲೆ ಕುಳಿತು ನೀರು ಕೇಳಿ ಕುಡಿದಳು.

"ನನ್ನ ಮಗಳನ್ನ ಕೊಟ್ಟ ಮನ್ಯಾಗ ವರಗ ಮೂರ್ಛಿರೋಗ ಇದ್ದದ್ದ ಮುಚ್ಚಿಟ್ಟಿದ್ರು. ಲಗ್ನಾದ ಮ್ಯಾಲ ತಿಳೀತು. ನೀ ಮುಚ್ಚಲಿಲ್ಲ. ಅವತ್ತ ಮಂದಿ ಮುಂದ ಸಿಟ್ಟ ಬಂತು, ಎದ್ದ ಹ್ವಾದ್ನಿ. ದುರ್ಗಪ್ಪ ದಿನಾ ಬಾಯಿ ಮಾಡಾಕತ್ತಾನ, ಹವಳದ ಜೋಡಿ ಬಾಳೇ ಮಾಡ್ತಾರೇನು ಅಂತ. ಶಿವರಾತ್ರಿ ಮುಗದ ಮ್ಯಾಲ ಲಗ್ನ ಮಾಡೂಣು."

ಸಾತವ್ವ ಬೀಗತಿಯ ಕಾಲು ಹಿಡಿಯಲು ಬಾಗಿದರೆ ಕರೆವ್ವ ರಟ್ಟೆ ಹಿಡಿದು ಎಬ್ಬಿಸಿ, "ಇವತ್ತರೆ ಊಟಕ್ಕ ಹಾಕತಿಯೋ ಇಲ್ಲೋ?" ಎಂದಳು.

ಇಂದ್ರವ್ವನ ಲಗ್ನ ಕರಿಮಣಿ, ಹಸಿರು ಬಳೆಗಳಲ್ಲೇ ಆಯಿತು. ಸಾತವ್ವ ಮುಂದೆ ಇನ್ನೊಮ್ಮೆ ಆಯಾ ಆಗಿ ಅದೇ ಸಮುದ್ರ ದಾಟಿದಳು. ಜೊತೆಯಲ್ಲಿ ಹೊಸದಾಗಿ ಬಂದಿದ್ದ ಉದ್ದವ್ವನೆಂಬ ಆಯಾಗೆ, ಪೋರ್ಟ್ ಸೈದಿನಲ್ಲಿ ಇಳಿ, ಊರು ನೋಡು, ಆದರೆ ಕಣ್ಣಮುಂದೆ ಕಟ್ಟಿಕೊಡದ ಸಾಮಾನಿಗೆ ರೊಕ್ಕ ಕೊಡಬೇಡ ಎಂದು ಕಲಿಸಿದಳು. ಕೊನೆಗಾಲವನ್ನು ಮೂಡಲಗಿಯಲ್ಲಿ ಮಗಳ ಮನೆಯಲ್ಲೇ ಕಳೆದಳು. ಮುದುಕಿ ಬೀಗತಿಯರಿಬ್ಬರೂ ಒಂದೇ ಒಲೆಯ ಮುಂದೆ, ಯಾರ ರೊಟ್ಟಿ ತೆಳುವೆಂದು ದಿನವೂ ಜಗಳಾಡುತ್ತಿದ್ದರು.