ಮೇಷ್ಟ್ರು ಮರಕ್ಕೆ ಕಟ್ಟಿದ ಬಟ್ಟೆ

ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯ ಇಸ್ತ್ರಿಯವನು ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ. ಅಂಗಿ ಕೊಡಲು ಹೋದ ನನಗೆ ಆ ಒಣ ಘಾಟು ಮೂಗಿಗೆ ಬಡಿದದ್ದೇ ತಡ, ಅಂಗಿ ಕೈಯಲ್ಲೇ ಉಳಿಯಿತು. ಅದು ಯುದ್ಧದ ಕಾಲದ ಬಸ್ಸಿನ ವಾಸನೆ. ಅದರ ಹಿಂದೆಯೇ ನಮ್ಮ ಡ್ರಾಯಿಂಗ್ ಮೇಷ್ಟ್ರು ಬಂದರು... ತಲೆಗೆ ವಲ್ಲಿ ಸುತ್ತಿ, ಹೆಗಲಿಗೆ ಚೀಲ ಹಾಕಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಹತ್ರೀ ಬೇಗ" ಎನ್ನುತ್ತ.

ತಲೆಗೆ ವಲ್ಲಿ ಸುತ್ತುತ್ತಿದ್ದರೇ? ಮನೆಗೆ ಬಂದು ಆ ವರ್ಷದ ಡೈರಿ ತೆಗೆದು ನೋಡಿದೆ. ಆಗ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಅರಕಲಗೂಡಿನ ಶಾಲೆಗೆ ಪಾಠ ಹೇಳಲು ಬಂದ ಹೊಸತು. ದಿನಕ್ಕೊಂದು ಪುಟ ಬರೆಯುವ ಚಟ. ಪುಟಗಳ ತುಂಬ ನನ್ನದೇ ತಳಮಳಗಳಿವೆ. ಮೇಷ್ಟ್ರ ತಲೆಯ ಮೇಲೆ ಏನಿತ್ತೆಂದು ಒಂದು ಅಕ್ಷರವೂ ಇಲ್ಲ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನನ್ನನ್ನು ಕೇಳಬಾರದು.

ಮೇಷ್ಟ್ರಿಗೆ ಆಗ ಐವತ್ತರ ಹತ್ತಿರ. ಭಾನುವಾರವೆಂದರೆ ಬಸ್ಸು ಹತ್ತಿ, ಯಾವುದೋ ಮೈಲಿಗಲ್ಲಿನ ಬಳಿ ಇಳಿದು, ಕಾಡಿನ ಕಾಲುದಾರಿ ಹಿಡಿಯುವುದು ಅವರ ಹುಚ್ಚು. ಅದಕ್ಕೊಂದು ನೋಟ್‌ಬುಕ್ ಇತ್ತು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ನೀರು ಎಲ್ಲಿ ಸಿಗುತ್ತದೆ, ಸಂಜೆಯ ಬಸ್ಸಿಗೆ ಎಷ್ಟು ಹೊತ್ತಿಗೆ ಹೊರಬರಬೇಕು, ಎಲ್ಲದರ ನಕ್ಷೆ. ದೊಡ್ಡಗದ್ದವಳ್ಳಿಯ ಕಡೆಗೆ ಒಂದು ದಾರಿ, ರಾಮನಾಥಪುರದಲ್ಲಿ ಹೊಳೆಯ ದಂಡೆಗುಂಟ ಒಂದು. ಎಲ್ಲಕ್ಕಿಂತ ಅವರ ಮುದ್ದಿನದು ಕೊಣನೂರಿನ ರಸ್ತೆಯದು. ಅಲ್ಲಿ ದಿಣ್ಣೆಯ ಬುಡದಲ್ಲಿ ಒಂದು ದೊಡ್ಡ ಅತ್ತಿಮರ. ಮರದ ಪಕ್ಕದಿಂದ ಕಾಡಿನೊಳಗೆ ದಾರಿ. ಅವರ ಜೊತೆ ಹತ್ತು ಹನ್ನೆರಡು ಹುಡುಗರು, ಬಾಲದಲ್ಲಿ ನಾನು.

ತೊಂದರೆಯಿದ್ದದ್ದು ಬಸ್ಸಿನದು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂಬದಿಗೆ ಒಂದು ಉದ್ದನೆಯ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ನಿಂತರೆ ಬೆಂಕಿ ಮಂಕಾಗುತ್ತಿತ್ತು. ಕ್ಲೀನರು ಇಳಿದು ಗಾಳಿಯಂತ್ರ ತಿರುಗಿಸಿ ತಿರುಗಿಸಿ ಮತ್ತೆ ಉರಿಸಬೇಕು. ಹಾಗಾಗಿ ದಾರಿಯಲ್ಲಿ ಜನ ಕಾಣದಿದ್ದರೆ ಡ್ರೈವರು ನಿಲ್ಲಿಸುತ್ತಲೇ ಇರಲಿಲ್ಲ. ಒಂದು ಭಾನುವಾರ ನಾವು ಕಾಡಿನಿಂದ ಹೊರಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಏಳು ಮೈಲಿ ನಡೆದು ಊರು ಸೇರಿದೆವು. ಮರುದಿನ ಹುಡುಗರ ಅಪ್ಪಂದಿರು ಶಾಲೆಗೆ ಬಂದರು.

"ಇನ್ನೊಂದು ಸಲ ಬಸ್ ತಪ್ಪಿಸ್ಕೊಂಡ್ರೆ ಈ ಕಾಡು ಸುತ್ತೋದು ಅಲ್ಲಿಗೆ ಮುಗೀತು ಮೇಷ್ಟ್ರೇ," ಎಂದರು ಹೆಡ್‌ಮಾಸ್ಟರು. ಮೇಷ್ಟ್ರ ಮುಖ ಸ್ಲೇಟಿನಂತಾಯಿತು.

ಅವರು ಡ್ರೈವರನ್ನು ಹುಡುಕಿಕೊಂಡು ಹೋದರು. "ನೀವು ಕಾಡ್ನಾಗೆ ಇದೀರೋ ಇಲ್ವೋ ನಂಗೆಂಗೆ ಸಾ ಗೊತ್ತಾಯ್ತದೆ?" ಎಂದು ಅವನು ಕೇಳಿದ. ಅದೂ ಸರಿಯೇ. ಅಲ್ಲಿಯೇ ಒಪ್ಪಂದವಾಯಿತು. ಕಾಡಿಗೆ ಹೋಗುವಾಗ ಮೇಷ್ಟ್ರು ಅತ್ತಿಮರಕ್ಕೆ ಕೆಂಪು ಬಟ್ಟೆ ಕಟ್ಟುವುದು, ಹೊರಬಂದಾಗ ಬಿಚ್ಚಿಕೊಳ್ಳುವುದು. ಬಟ್ಟೆ ಕಂಡರೆ ಡ್ರೈವರು ನಿಲ್ಲಿಸಿ, ಹಾರನ್ ಹೊಡೆದು, ಕಾಲು ಗಂಟೆ ಕಾಯುವುದು. ಮೇಷ್ಟ್ರು ತಮ್ಮ ಹಳೆಯ ಪಂಚೆಯನ್ನು ಹರಿದು, ತಾವೇ ಬಣ್ಣ ಕಲಸಿ ಅದ್ದಿದರು. ಕುಂಕುಮದಂಥ ಕೆಂಪು. ಎಡವಟ್ಟಾದದ್ದು ಅಲ್ಲೇ ಇರಬೇಕು.

ಮೂರು ನಾಲ್ಕು ಭಾನುವಾರ ಎಲ್ಲವೂ ಸುಸೂತ್ರ. ಆಮೇಲೊಂದು ದಿನ ಮಳೆ ಅಟ್ಟಿಸಿಕೊಂಡು ಬಂತು. ಓಡಿ ಬಂದು ಬಸ್ಸು ಹತ್ತಿದ ಗಡಿಬಿಡಿಯಲ್ಲಿ ಬಟ್ಟೆ ಬಿಚ್ಚುವುದನ್ನು ಮರೆತೆವು. ಅದರ ಹಿಂದೆಯೇ ಪರೀಕ್ಷೆಗಳು. ಒಂದು ತಿಂಗಳು ನಾವು ಆ ಕಡೆ ತಲೆ ಹಾಕಲಿಲ್ಲ.

ತಿಂಗಳ ಮೇಲೆ ಹೋಗಿ ಇಳಿದರೆ ನಮ್ಮ ಮರ ಗುರುತೇ ಸಿಗಲಿಲ್ಲ. ಬುಡಕ್ಕೆ ಅರಿಶಿನ ಕುಂಕುಮ, ಕೊಂಬೆಗಳಲ್ಲಿ ಹತ್ತಾರು ಬಟ್ಟೆ ತುಂಡು, ಬಳೆ, ಒಂದು ನಿಂಬೆಹಣ್ಣಿನ ಸರ. ಮರಕ್ಕೆ ಒರಗಿಸಿದ ಒಂದು ಮೊಳದ ಕಲ್ಲು. ಪಕ್ಕದಲ್ಲಿ ಹತ್ತಿರದ ಹಳ್ಳಿಯ ಒಬ್ಬ ಮುದುಕಿ, ಸೌತೆಕಾಯಿಯ ಬುಟ್ಟಿ ಇಟ್ಟುಕೊಂಡು ಪೂಜಾರಿಣಿಯಂತೆ ಕೂತಿದ್ದಳು.

ನಡೆದದ್ದು ಇಷ್ಟು. ನಮ್ಮ ಡ್ರೈವರು ಮಾತಿಗೆ ತಪ್ಪದ ಮನುಷ್ಯ. ಬಟ್ಟೆ ಕಂಡ ಪ್ರತಿ ಸಂಜೆಯೂ ನಿಲ್ಲಿಸಿ, ಹಾರನ್ ಹೊಡೆದು, ಮರದ ಕಡೆಗೇ ನೋಡುತ್ತ ಕಾಲು ಗಂಟೆ ಕಾದಿದ್ದ.

"ಮಂಗಳವಾರಾನೂ ಕಾದ್ಯಾ? ಸ್ಕೂಲು ಇರಲ್ವೇನಯ್ಯಾ ನಮಗೆ?" ಎಂದರು ಮೇಷ್ಟ್ರು, ನಮ್ಮನ್ನು ಇಳಿಸಿದ ಅವನನ್ನೇ ತಡೆದು.

"ನಿಮ್ಮ್ ಸ್ಕೂಲಿನ ಇಚಾರ ನಂಗೇನ್ ಗೊತ್ತು ಸಾ? ಬಟ್ಟೆ ಇತ್ತು, ಕಾಯ್ದೆ."

ಅವನು ಕಾಯುವಷ್ಟು ಹೊತ್ತು ಕ್ಲೀನರು ಸುಮ್ಮನಿರದೆ ಗಾಳಿಯಂತ್ರ ತಿರುಗಿಸಿದ. ಇದ್ದಿಲು ನಿಗಿನಿಗಿ ಉರಿಯಿತು. ಯಾವಾಗಲೂ ಅರ್ಧ ದಿಣ್ಣೆಗೆ ಏದುಸಿರು ಬಿಟ್ಟು ಜನರಿಂದ ತಳ್ಳಿಸಿಕೊಳ್ಳುತ್ತಿದ್ದ ಬಸ್ಸು ಒಂದೇ ಉಸಿರಿಗೆ ಏರಿಬಿಟ್ಟಿತು. ಮರುದಿನವೂ ಹಾಗೆಯೇ. ಕೊಣನೂರಿನ ಸಂತೆಯಿಂದ ಬರುವ ಹೆಂಗಸರಿಗೆ ಇನ್ನೇನು ಬೇಕು? ಕೆಂಪು ಬಟ್ಟೆ ಉಟ್ಟ ಮರ, ಅದರ ಮುಂದೆ ದಿನವೂ ಕೂಗಿ ನಿಲ್ಲುವ ಬಸ್ಸು, ಆಮೇಲೆ ಸರಾಗವಾಗಿ ಹತ್ತುವ ದಿಣ್ಣೆ. ದಿನಕ್ಕೊಂದು ತೆಂಗಿನಕಾಯಿ ಒಡೆಯುವುದು ಆಗಲೇ ವಾಡಿಕೆಯಾಗಿತ್ತು.

ಮೇಷ್ಟ್ರು ಬಟ್ಟೆ ಬಿಚ್ಚಲು ಕೈಯೆತ್ತಿದರು.

"ಮುಟ್ಬ್ಯಾಡ ಕಣಪ್ಪಾ! ಅಮ್ಮ ಕ್ವಾಪ ಮಾಡ್ಕತಾಳೆ," ಎಂದಳು ಮುದುಕಿ.

"ಅಯ್ಯೋ, ಅದು ನನ್ನ ಹಳೇ ಪಂಚೆ ಕಣಮ್ಮಾ. ಕಟ್ಟಿದೋನು ನಾನೇ."

"ನೀನು ಕಟ್ದೆ, ಸರಿ. ಕಟ್ಟಿಸ್ದೋಳು ಯಾರು?"

ಮೇಷ್ಟ್ರು ನನ್ನತ್ತ ನೋಡಿದರು. ಬಿ.ಎ. ಓದಿದ ನಾನು ಮುದುಕಿಯ ಬುಟ್ಟಿಯಿಂದ ಎರಡು ಸೌತೆಕಾಯಿ ಕೊಂಡೆ.

ಅವರು ಕಾಡಿನೊಳಗೆ ದುಮುಗುಡುತ್ತಲೇ ನಡೆದರು. ಮರದ ತುಂಬ ಬಟ್ಟೆಯಿದ್ದರೆ ನಮ್ಮ ಗುರುತು ಯಾವುದು? ಡ್ರೈವರು ಈಗ ಕಾಯಿ ಒಡೆಯುವವರೆಗೆ ನಿಂತು ಹೊರಡುತ್ತಾನೆ, ನಾವು ಒಳಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. "ಇವತ್ತೇ ಕಡೇ ಸಲ ಅನ್ಸುತ್ತೆ ಕಣ್ರೀ," ಎಂದರು. ಆದರೆ ಅವರ ಸಿಟ್ಟು ಬಾಳುವಂಥದ್ದಲ್ಲ. ಕಾರೆಹಣ್ಣಿನ ಪೊದೆ ಸಿಕ್ಕಿತು. ಹುಡುಗರಿಗಿಂತ ಮೊದಲು ಅವರೇ ನುಗ್ಗಿದರು. ಮುಳ್ಳು ತರಚಿಸಿಕೊಂಡು ಜೇಬು ತುಂಬಿಸಿಕೊಂಡರು. ಹೊತ್ತು ಹೋದದ್ದು ತಿಳಿಯಲಿಲ್ಲ. ದೂರದಲ್ಲಿ ಹಾರನ್ ಕೇಳಿದಾಗ ನಾವಿನ್ನೂ ಹಳ್ಳದ ಆಚೆಗಿದ್ದೆವು.

ಓಡಿದೆವು. ಐವತ್ತರ ಮನುಷ್ಯ ಪಂಚೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ. ಜೇಬಿನಿಂದ ಹಣ್ಣು ಉದುರುತ್ತಿತ್ತು. ಒಬ್ಬ ಹುಡುಗ ಎಡವಿ ಬಿದ್ದು ಕಾಲು ಉಳುಕಿಸಿಕೊಂಡ. ಅವನನ್ನು ನಾನು ಬೆನ್ನ ಮೇಲೆ ಹೊತ್ತೆ. (ಡೈರಿಯಲ್ಲಿ ಮೇಷ್ಟ್ರು ಹೊತ್ತರು ಎಂದಿದೆ. ಇರಲಿ.) ಕಾಲು ಗಂಟೆ ಎಂದೋ ಆಗಿಹೋಗಿತ್ತು.

ಬಸ್ಸು ಅಲ್ಲೇ ನಿಂತಿತ್ತು. ಜನ ಇಳಿದು ಗೊಣಗುತ್ತಿದ್ದರು, ಡ್ರೈವರು ಮುದುಕಿಯ ಮುಂದೆ ಕೈಮುಗಿದು ನಿಂತಿದ್ದ. ಅವಳು ತೆಂಗಿನಕಾಯಿಯನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು.

"ಒಡೆದ್ಬುಡವ್ವಾ, ಒತ್ತಾಯ್ತು," ಎನ್ನುತ್ತಿದ್ದ ಅವನು.

"ಲೇ, ಮಕ್ಳು ಒಳಗವ್ರೆ ಕಣ್ಲಾ. ಬೆಳಿಗ್ಗೆ ನಾನೇ ನೋಡಿವ್ನಿ. ಅವ್ರು ಬರ್ದೆ ಎಂಗ್ಲಾ ಒಡೀಲಿ?"

ಕಾಯಿ ಒಡೆಯದೆ ದಿಣ್ಣೆ ಏರಲು ಆ ಬಸ್ಸಿನಲ್ಲಿ ಒಬ್ಬರಿಗೂ ಧೈರ್ಯವಿರಲಿಲ್ಲ. ನಮ್ಮನ್ನು ಕಂಡು ಮುದುಕಿ ಎದ್ದಳು. ಕಾಯಿ ಒಡೆದು, ಮೊದಲ ಹೋಳನ್ನು ಮೇಷ್ಟ್ರ ಕೈಗಿಟ್ಟು, "ನಿನ್ನ್ ಪಂಚೆ ಬೇಕಾ ಈಗ?" ಎಂದಳು. ಇಡೀ ಬಸ್ಸು ನಕ್ಕಿತು. ಮೇಷ್ಟ್ರಂತೂ ಕೆಮ್ಮು ಬರುವಷ್ಟು ನಕ್ಕರು. ದೀಪ ಹಚ್ಚುವ ಹೊತ್ತಿಗೆ ನಾವು ಊರಲ್ಲಿದ್ದೆವು.

ಮುಂದಿನ ಭಾನುವಾರ ಅವರ ಚೀಲದಲ್ಲಿ ಬಣ್ಣದ ಡಬ್ಬಿಯಿತ್ತು. ಮುದುಕಿ ಕೇಳಿಕೊಂಡಿದ್ದಳಂತೆ. ಕಲ್ಲಿನ ಮುಂದೆ ಮಂಡಿಯೂರಿ ಕೂತು, ಶಾಲೆಯಲ್ಲಿ ಹೂಜಿ ಬರೆಯುವಾಗಿನ ಅದೇ ಗಾಂಭೀರ್ಯದಿಂದ ಎರಡು ಕಣ್ಣು ಬರೆದರು. ಕಾಡಿನ ದಾರಿ ಕಾಣುವಂತೆ ಸ್ವಲ್ಪ ಓರೆಯಾಗಿ. ಆಮೇಲೆ ಎರಡು ವರ್ಷ, ನಾವು ಹೊರಬರದೆ ಮುದುಕಿ ಭಾನುವಾರದ ಕಾಯಿ ಒಡೆಯಲಿಲ್ಲ. ಬಸ್ಸು ಒಮ್ಮೆಯೂ ತಪ್ಪಲಿಲ್ಲ.

ಮೇಷ್ಟ್ರಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು, ನನಗೆ ಹಾಸನಕ್ಕೆ. ಹೊಸ ದಾರಿಗಳ ನಕ್ಷೆ ಹಾಕಿ ಕಾಗದ ಬರೆಯುತ್ತಿದ್ದರು. ಬನ್ನಿ ಎನ್ನುತ್ತಿದ್ದರು. ಮುಂದಿನ ರಜೆಗೆ ಎನ್ನುತ್ತಿದ್ದೆ... ಅವರು ಹೋದ ಸುದ್ದಿ ನನಗೆ ತಿಳಿಯುವಾಗ ಆರು ತಿಂಗಳಾಗಿತ್ತು.

ಹೋದ ವರ್ಷ ರಾಮನಾಥಪುರಕ್ಕೆ ಹೊರಟಾಗ ಅದೇ ರಸ್ತೆಯಲ್ಲಿ ಹೋದೆ. ದಿಣ್ಣೆಯ ಬುಡದಲ್ಲಿ ಬಸ್ಸು ನಿಧಾನವಾಯಿತು; ಎಲ್ಲರೂ ಕೈಮುಗಿದು ಕಣ್ಣಿಗೊತ್ತಿಕೊಂಡರು. ಈಗ ಸಣ್ಣ ಗುಡಿಯಿದೆ. "ಬಾಳಾ ಹಳೇ ದೇವ್ರು ಸಾ, ಎಷ್ಟು ಕಾಲದ್ದೋ ಯಾರಿಗೂ ಗೊತ್ತಿಲ್ಲ," ಎಂದ ಪಕ್ಕದಲ್ಲಿದ್ದವನು. ಕಾಡು ಅಲ್ಲಲ್ಲಿ ತೆಳುವಾಗಿತ್ತು. ಕಾಲುದಾರಿ ಇನ್ನೂ ಇದೆಯೇ ಎಂದು ಕಿಟಕಿಯಿಂದ ಕತ್ತು ಚಾಚಿ ನೋಡಿದೆ, ತಿಳಿಯಲಿಲ್ಲ.

ಮೇಷ್ಟ್ರಾಗಿದ್ದರೆ ಅಲ್ಲೇ ಬಸ್ಸು ನಿಲ್ಲಿಸಿ ಇಳಿದುಬಿಡುತ್ತಿದ್ದರು. ನಾನು ರಾಮನಾಥಪುರದವರೆಗೆ ಟಿಕೆಟ್ಟು ತೆಗೆದಿದ್ದೆ. ಇಳಿಯಲಿಲ್ಲ.